ಪೋಪರ ಐಕ್ಯವೂ ನನ್ನ ತಂಗಿಯ ಲಗ್ನವೂ

ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಒಟ್ಟು ಹದಿನೆಂಟು. ಅಷ್ಟಕ್ಕೇ ಎರಡು ಚರ್ಚು, ಎರಡು ಸ್ಮಶಾನ, ಲೆಕ್ಕವಿಲ್ಲದಷ್ಟು ದೊಡ್ಡಸ್ತಿಕೆ. ಅಣ್ಣಿಗೇರಿಯಿಂದ ಶಲವಡಿ ಕಡೆಗೆ ಹೋಗುವ ಹಾದಿಯಲ್ಲಿ, ಎರೆಹೊಲಗಳ ನಡುವೆ ಇರುವ ಊರು ಅದು. ಹನ್ನೊಂದು ಮನೆ ನಮ್ಮವು, ಪ್ರಾಟೆಸ್ಟಂಟರವು. ಜರ್ಮನಿಯಿಂದ ಬಂದ ಮಿಶನರಿಗಳ ಕಾಲದಲ್ಲಿ ನಮ್ಮ ಮುತ್ತಜ್ಜಂದಿರು ಆ ಮತಕ್ಕೆ ಸೇರಿದ್ದರು. ಉಳಿದ ಏಳು ಮನೆ ಕ್ಯಾಥೊಲಿಕರವು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕೆಲಸಕ್ಕೆಂದು ಹೊರಗಿನಿಂದ ಬಂದು ಇಲ್ಲಿಯೇ ನೆಲೆನಿಂತವರು ಅವರು.

ಊರಿನ ಲಿಂಗಾಯತರಿಗೂ ಕುರುಬರ ಓಣಿಯವರಿಗೂ ನಾವೆಲ್ಲ ಒಂದೇ, ಕಿರಸ್ತಾನರು. ಈ ತಪ್ಪನ್ನು ತಿದ್ದುವುದರಲ್ಲಿಯೇ ನಮ್ಮ ಅಪ್ಪ ಅರ್ಧ ಆಯುಷ್ಯ ಕಳೆದರು. ಯಾರಾದರೂ ಸಂತೆಯಲ್ಲಿ ಸಿಕ್ಕು, "ನಿಮ್ಮ ಮರಿಯಮ್ಮನ ಹಬ್ಬ ಯಾವಾಗ್ರಿ ಮಾಸ್ತರ?" ಎಂದು ಕೇಳಿದರೆ ಸಾಕು, ಅಪ್ಪ ಕೈಚೀಲ ಕೆಳಗಿಟ್ಟು ಶುರು ಮಾಡುವರು.

"ಅದು ನಮ್ಮ ಹಬ್ಬ ಅಲ್ರಿ. ಅವರು ಬ್ಯಾರೆ, ನಾವು ಬ್ಯಾರೆ. ಅವರು ಮೂರ್ತಿ ಇಡತಾರ, ರೋಮಿನ ಪೋಪನ್ನ ದೊಡ್ಡಾಂವ ಅಂತಾರ."

"ಇಟ್ರ ಇಟಗೋವಲ್ರ್ಯಾಕ ಬಿಡ್ರಿ," ಎಂದು ಆತ ಬದನೆಕಾಯಿ ಆರಿಸುವುದಕ್ಕೆ ಹೊರಟುಬಿಡುವನು.

ಅಪ್ಪ ನಿವೃತ್ತ ಶಿಕ್ಷಕರು, ನಮ್ಮ ಸಭೆಯ, ಅಂದರೆ ಚರ್ಚಿನ ಬಳಗದ, ಹಿರಿಯರು. ನಾನೂ ಊರಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯಿಂದ ಸಭೆಯ ಕಾರ್ಯದರ್ಶಿಯೂ ಆಗಿದ್ದೆ. ಇಪ್ಪತ್ತಾರು ವರ್ಷದ ಹುಡುಗನಿಗೆ ಅದೊಂದು ಭಾರಿ ಹುದ್ದೆ ಎಂದು ಆಗ ಅನ್ನಿಸಿತ್ತು. ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ನಮಗೆ ಒಬ್ಬ ಸಭಾಪಾಲಕರಿದ್ದರು. ಚರ್ಚಿನ ಹಿಂದಿನ ಬಂಗಲೆಯಲ್ಲಿ ವಾಸ. ಬಂಗಲೆ ಎಂದರೆ ಹೆಂಚು ಸೋರುವ ಮೂರು ಕೋಣೆ, ಆದರೆ ಹೆಸರು ಬಂಗಲೆಯೇ. ಕ್ಯಾಥೊಲಿಕರಿಗೆ ಇಲ್ಲಿಯೇ ಇರುವ ಗುರುಗಳಿರಲಿಲ್ಲ. ಹುಬ್ಬಳ್ಳಿಯಿಂದ ಒಬ್ಬ ಫಾದರ್ ತಿಂಗಳಿಗೊಮ್ಮೆ ಮೋಟಾರು ಸೈಕಲ್ಲಿನ ಮೇಲೆ ಧೂಳೆಬ್ಬಿಸುತ್ತ ಬರುತ್ತಿದ್ದರು. ಮಂಗಳೂರು ಕಡೆಯವರು. ಅವರ ಕನ್ನಡ ಪುಸ್ತಕದಿಂದ ಹರಿದು ತಂದ ಹಾಳೆಯಂತಿತ್ತು. ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಗಡಿಯಾರ ನೋಡುತ್ತಿದ್ದರು.

೧೯೭೫ರ ಕೊನೆಯಲ್ಲಿ ರೋಮಿನಿಂದ ಒಂದು ಸುದ್ದಿ ಬಂತು. ಒಂಬೈನೂರು ವರ್ಷಗಳ ಹಿಂದೆ ರೋಮಿನಿಂದ ಬೇರೆಯಾಗಿದ್ದ ಪೂರ್ವದ ಸಭೆಯ ಪ್ರತಿನಿಧಿಯೊಬ್ಬರು ಪೋಪರನ್ನು ಕಾಣಲು ಹೋಗಿದ್ದರಂತೆ. ಪೂಜೆ ಮುಗಿದ ಮೇಲೆ ಪೋಪರು ಎಲ್ಲರ ಎದುರಿಗೆ ಮೊಣಕಾಲೂರಿ ಆತನ ಪಾದಗಳಿಗೆ ಮುತ್ತಿಟ್ಟರಂತೆ. ಹತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಸಭೆಯ ಮುಖ್ಯಸ್ಥರಿಗೆ ತಮ್ಮದೇ ಉಂಗುರ ತೊಡಿಸಿದ್ದವರೂ ಇವರೇ. ಎಂಬತ್ತರ ಹತ್ತಿರದ ಮುದುಕ ನೆಲಕ್ಕೆ ಬಾಗಿದ ಸಂಗತಿ ಕೇಳಿ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂದವು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಬಾಗುವಿಕೆಯನ್ನು ನಾನು ಇಂದಿಗೂ ಹೀಗಳೆಯಲಾರೆ. ಅದು ರೋಮಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ನಮ್ಮೂರಿಗೆ ಬರುವಷ್ಟರಲ್ಲಿ ಏನಾಯಿತೋ ಅದನ್ನು ಮಾತ್ರ ಹೇಳುತ್ತೇನೆ.

ಜನವರಿಯಲ್ಲಿ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥನೆಯ ವಾರವೊಂದು ಇರುತ್ತದೆ. ಆ ವರ್ಷ ಇತರ ಸಭೆಯವರ ಜೊತೆ ಸೇರಿಯೇ ಪ್ರಾರ್ಥಿಸಬೇಕು ಎಂದು ಫಾದರಿಗೆ ಮೇಲಿನಿಂದ ಪತ್ರ ಬಂದಿತ್ತು. ನಮ್ಮ ಸಭಾಪಾಲಕರಿಗೂ ಅವರ ಮೇಲಿನವರಿಂದ ಅದೇ ಅರ್ಥದ ಪತ್ರ. ಇಬ್ಬರೂ ಆಜ್ಞೆ ಪಾಲಿಸುವವರು, ಆದ್ದರಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಭೇಟಿಯಾದರು. ಅವ್ವ ಅವಲಕ್ಕಿ ಕೊಟ್ಟಳು.

ಪ್ರಾರ್ಥನೆ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯಿಂದ ಜಗಳ ಸುರುವಾಯಿತು. ಅವರ ಚರ್ಚಿಗೆ ಇವರು ಕಾಲಿಡುವುದಿಲ್ಲ, ಇವರದಕ್ಕೆ ಅವರು. ಕೊನೆಗೆ ನಮ್ಮ ಶಾಲೆಯ ಹೆಡ್ ಮಾಸ್ತರರನ್ನು ಕೇಳುವುದೆಂದಾಯಿತು. ಅವರು ಲಿಂಗಾಯತರು, ಹಣೆ ತುಂಬ ವಿಭೂತಿ. ನಾನು ಹೋಗಿ ಕೇಳಿದರೆ ನಕ್ಕುಬಿಟ್ಟರು.

"ಐತವಾರ ಸಾಲಿ ಖಾಲಿನ ಇರತೈತಿ, ತಗೋರಿ. ಆದರ ಒಂದು ಕೇಳತೀನಿ. ನಿಮ್ಮಿಬ್ಬರಿಗೂ ದೇವರು ಒಬ್ಬನ ಹೌದಲ್ಲೋ? ಮತ್ತ ಅಂವನ ಮನಿ ಬಿಟ್ಟು ನನ್ನ ಸಾಲಿಗ್ಯಾಕ ಬರತೀರಿ?"

ಕೀಲಿ ಇಸಿದುಕೊಂಡು ಬಂದೆ.

ಮುಂದಿನ ತಂಟೆ ಖುರ್ಚಿಯದು. ಶಾಲೆಯಲ್ಲಿ ಕೈ ಇರುವ ಖುರ್ಚಿ ಒಂದೇ. ಫಾದರ್ ಅದರಲ್ಲಿ ಕುಳಿತರೆ ಪೋಪ್ ಕುಳಿತಂತೆ ಎಂದು ನಮ್ಮ ಹಿರಿಯರ ವಾದ. ಆ ಖುರ್ಚಿಯನ್ನು ಹೊರಗಿಟ್ಟು ಇಬ್ಬರನ್ನೂ ಮಕ್ಕಳ ಬೆಂಚಿನ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಅದಕ್ಕೆ ಎರಡು ತಾಸು ಹಿಡಿಯಿತು. ರೋಮಿನಲ್ಲಿ ಒಬ್ಬರು ಪಾದಕ್ಕೆ ಬಾಗಿದ ತಿಂಗಳೊಪ್ಪತ್ತಿನಲ್ಲಿಯೇ ನಮ್ಮೂರಿನಲ್ಲಿ ಕುಂಡಿ ಊರುವ ಜಾಗಕ್ಕಾಗಿ ಎರಡು ತಾಸು!

ಆ ಭಾನುವಾರ ಹದಿನೆಂಟೂ ಮನೆಯವರು ಬಂದರು. ಐಕ್ಯದ ಮೇಲೆ ಪ್ರಬಂಧ ಓದಿದವನು ನಾನೇ. ಶಿಲುಬೆಯ ಕೆಳಗಿನ ಸಿಪಾಯಿಗಳೇ ಹರಿಯದ ಕರ್ತನ ಅಂಗಿಯನ್ನು ನಾವು ಹರಿಯಬಾರದು ಎಂದೆಲ್ಲ ಬರೆದಿದ್ದೆ. ಚೆನ್ನಾಗಿತ್ತು ಎಂದು ಇಬ್ಬರು ಗುರುಗಳೂ ತಲೆದೂಗಿದರು. ಆಮೇಲೆ ಎಲ್ಲರೂ ಎದ್ದು ಕರ್ತನು ಕಲಿಸಿದ ಪ್ರಾರ್ಥನೆ ಹೇಳಬೇಕಿತ್ತು. ಮೊದಲ ಶಬ್ದಕ್ಕೇ ಜನ ಒಡೆದರು. ನಮ್ಮವರು 'ಪರಲೋಕದಲ್ಲಿರುವ' ಎಂದರು, ಅವರು 'ಸ್ವರ್ಗದಲ್ಲಿರುವ' ಎಂದರು. ತಂದೆಗೆ ಎರಡು ವಿಳಾಸ. ಹಾಗೆಯೇ ಒಬ್ಬರ ಮೇಲೊಬ್ಬರು ದನಿ ಏರಿಸುತ್ತ ಹೋದರು. ಅವರ ಪ್ರಾರ್ಥನೆ ಒಂದು ಸಾಲು ಮೊದಲೇ ಮುಗಿಯುತ್ತದೆ. ನಮ್ಮದಕ್ಕೆ ರಾಜ್ಯ, ಬಲ, ಮಹಿಮೆ ಎಂದು ಬಾಲವಿದೆ. ಅವರು ಸುಮ್ಮನಾದಾಗ ನಮ್ಮ ಸಭಾಪಾಲಕರು ಆ ಸಾಲನ್ನು ಗೆದ್ದವರ ಹಾಗೆ ಕೂಗಿ ಹೇಳಿದರು. ಅಪ್ಪನ ಮುಖದಲ್ಲಿ ಕುಸ್ತಿ ಗೆದ್ದ ಕಳೆ.

ಇದನ್ನೆಲ್ಲ ಆಗ ನಾನು ತಮಾಷೆಯೆಂದೇ ತಿಳಿದಿದ್ದೆ.

ಆ ಭಾನುವಾರದ ಹಾಡು, ಪ್ರಾರ್ಥನೆಗಳ ತಾಲೀಮಿಗೆಂದು ಎರಡೂ ಕಡೆಯ ಹರೆಯದವರು ನಾಲ್ಕೈದು ಸಂಜೆ ಶಾಲೆಯಲ್ಲಿ ಸೇರಿದ್ದರು. ನನ್ನ ತಂಗಿ ಹಾರ್ಮೋನಿಯಂ ಬಾರಿಸುತ್ತಿದ್ದಳು. ಜಿನ್ನಿನಲ್ಲಿ ಫಿಟರ್ ಆಗಿದ್ದ ಕ್ಯಾಥೊಲಿಕ ಹುಡುಗನೊಬ್ಬ ಅದರ ಹರಿದ ತಿದಿಯನ್ನು ಜೋಡಿಸಿಕೊಟ್ಟಿದ್ದ. ವರ್ಷ ತಿರುಗುವುದರಲ್ಲಿ ಅವಳು ಅವ್ವನ ಎದುರಿಗೆ ನಿಂತು ನೇರವಾಗಿ ಹೇಳಿದಳು.

"ಅವ್ವಾ, ನಾ ಲಗ್ನ ಆದರ ಅವನ್ನ ಆಗಾಕಿ."

"ಯಾರನ್ನ ಬೇ?"

"ಫಿಟರನ್ನ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹುಡುಗ ಚೊಲೊ ಅದಾನ," ಎಂದಳು. "ನಿಮ್ಮಪ್ಪಗ ಹೇಳೂದು ಹ್ಯಾಂಗಂತೀನಿ."

ಅಪ್ಪನಿಗೆ ಹೇಳಿದವನು ನಾನು. ಐಕ್ಯದ ಪ್ರಬಂಧ ಬರೆದವನಲ್ಲವೇ, ನನಗೆ ಧೈರ್ಯವಿತ್ತು. ಅಪ್ಪ ಬೈಯಲಿಲ್ಲ. ಸಭಾಪಾಲಕರ ಕಡೆ ಕೈ ತೋರಿಸಿದರು. ಸಭಾಪಾಲಕರು ಫಾದರ್ ಏನನ್ನುತ್ತಾರೋ ಕೇಳಿಕೊಂಡು ಬಾ ಎಂದರು. ನಾನು, ತಂಗಿ, ಆ ಹುಡುಗ ಮೂವರೂ ಫಾದರ್ ಬಂದ ದಿನ ಅವರ ಚರ್ಚಿನ ಬಾಜೂ ಕೋಣೆಗೆ ಹೋದೆವು.

ಫಾದರ್ ಬಹಳ ಸಂತೋಷಪಟ್ಟರು. ಚಹಾ ತರಿಸಿದರು. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಇಂತಹ ವಿವಾಹಕ್ಕೆ ಬಿಷಪರ ಅನುಮತಿ ಬೇಕಾಗುತ್ತದೆ. ಅದನ್ನು ನಾನು ತರಿಸಿಕೊಡುತ್ತೇನೆ. ಹುಟ್ಟುವ ಮಕ್ಕಳನ್ನೆಲ್ಲ ಕ್ಯಾಥೊಲಿಕರನ್ನಾಗಿ ಬೆಳೆಸಲು ಕೈಲಾದುದನ್ನೆಲ್ಲ ಮಾಡುತ್ತೇನೆಂದು ಇದರಲ್ಲಿ ವಾಗ್ದಾನವಿದೆ. ಹಿಂದೆ ವಧು ವರರಿಬ್ಬರೂ ಬರೆದುಕೊಡಬೇಕಾಗಿತ್ತು. ಪೋಪರು ಈಗ ಬಹಳ ಸಡಿಲಿಸಿದ್ದಾರೆ. ನಮ್ಮ ಹುಡುಗ ಸಹಿ ಹಾಕಿದರೆ ಸಾಕು. ನಿಮ್ಮ ತಂಗಿಗೆ ಆ ವಿಷಯ ತಿಳಿಸಿದರೆ ಸಾಕು."

"ನನಗ ತಿಳಿಸಿದರ ಸಾಕಾ?" ಎಂದಳು ತಂಗಿ.

"ಹೌದಮ್ಮ. ನಿಮ್ಮ ಸಹಿಯ ಅಗತ್ಯವಿಲ್ಲ."

"ಹಡಿಯಾಕಿ ನಾನು. ಸಹಿ ಅವಂದು. ನನಗ ಬರೇ ಸುದ್ದಿ."

ಫಾದರ್ ಅದನ್ನು ಹಾಸ್ಯವೆಂದುಕೊಂಡು ನಕ್ಕರು. ಅವರು ಕೆಟ್ಟವರಲ್ಲ, ಅದೇ ತೊಂದರೆ. ಪೋಪರು ಎಷ್ಟು ದೊಡ್ಡ ರಿಯಾಯಿತಿ ಕೊಟ್ಟಿದ್ದಾರೆ ಎಂಬುದು ನಮಗೆ ಅರ್ಥವಾಗುತ್ತಿಲ್ಲವಲ್ಲ ಎಂದು ಅವರಿಗೆ ಪ್ರಾಮಾಣಿಕವಾಗಿಯೇ ವ್ಯಥೆಯಾಗಿತ್ತು. ನಾನು ಹುಡುಗನ ಕಡೆ ನೋಡಿದೆ. ಅವನ ಉಗುರಿನ ಸಂದಿಗಳಲ್ಲಿ ಎಣ್ಣೆಜಿಡ್ಡು. ಅವನು ಪೆನ್ನು ಮುಟ್ಟಲೇ ಇಲ್ಲ.

"ಇನ್ನೂ ಹುಟ್ಟಲಾರದ ಕೂಸಿನ ಮ್ಯಾಲ ನಾ ಹ್ಯಾಂಗ ಸಹಿ ಹಾಕಲಿ, ಫಾದರ್? ಅದರ ಅವ್ವ ಇಲ್ಲೇ ಕುಂತಾಳ. ಆಕಿನ್ನ ಮೊದಲ ಕೇಳಬೇಕಲ್ರಿ."

"ಹಾಗಾದರೆ ನನ್ನ ಕೈ ಕಟ್ಟಿದೆ," ಎಂದರು ಫಾದರ್. ಕಾಗದವನ್ನು ಮಡಚಿ ಚೀಲಕ್ಕಿಟ್ಟರು.

ಈ ಸುದ್ದಿಯಿಂದ ನಮ್ಮ ಸಭಾಪಾಲಕರಿಗೆ ಎಲ್ಲಿಲ್ಲದ ಸಮಾಧಾನವಾಯಿತು. "ನೋಡ್ರಿ, ನಾ ಹೇಳಿದ್ದಿಲ್ಲ? ರೋಮಿನವರ ಐಕ್ಯ ಅಂದರ ನಾವು ಅವರೊಳಗ ಮುಳುಗೂದು," ಎಂದರು. ಆ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ ಎಂದು ನಾನು ಒಪ್ಪಿಬಿಡುತ್ತಿದ್ದೆ, ಅವರು ಅಲ್ಲಿಗೇ ನಿಲ್ಲಿಸಿದ್ದರೆ. ನಮ್ಮ ಚರ್ಚಿನಲ್ಲಿಯೇ ಇಬ್ಬರ ಲಗ್ನ ಮಾಡಿಸಿಕೊಡಿ ಎಂದು ಕೇಳಿದೆ. "ಅಂವ ಮೊದಲ ನಮ್ಮ ಸಭೆ ಸೇರಲಿ," ಎಂದರು. ಸೇರದೆ ಹುಡುಗಿ ಅವನನ್ನು ಕಟ್ಟಿಕೊಂಡರೆ ಅವಳ ಹೆಸರನ್ನು ಸಭೆಯ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದೂ ಹೇಳಿದರು. ಇಬ್ಬರು ಗುರುಗಳೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತನ್ನು ಹೇಳುತ್ತಿದ್ದರು. ಆ ಒಂದು ವಿಷಯದಲ್ಲಿ ಅವರಲ್ಲಿ ಪೂರ್ತಿ ಐಕ್ಯವಿತ್ತು.

ತಂಗಿ ಸಭಾಪಾಲಕರಿಗೆ ತನ್ನ ನಿರ್ಧಾರ ಬದಲಾಗುವುದಿಲ್ಲ ಎಂದು ಹೇಳಿ ಕಳಿಸಿದಳು. ಮುಂದಿನ ವಾರವೇ ಹಿರಿಯರ ಕೂಟ ಸೇರಿತು. ಐದು ಮಂದಿ. ಅಪ್ಪ ಗೋಡೆ ನೋಡುತ್ತ ಕುಳಿತಿದ್ದರು. ಹೆಸರು ತೆಗೆಯುವ ಠರಾವು ಬಂತು. ಯಾರೂ ಬೇಡವೆನ್ನಲಿಲ್ಲ. ನಾನೂ ಅನ್ನಲಿಲ್ಲ. ಕಾರ್ಯದರ್ಶಿಗೆ ಮಾತಾಡುವ ಹಕ್ಕಿಲ್ಲ, ಬರೆಯುವುದಷ್ಟೇ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಠರಾವನ್ನು ನನ್ನ ದುಂಡನೆಯ ಅಕ್ಷರಗಳಲ್ಲಿ ಬರೆದೆ, ಅದರ ನಕಲನ್ನೂ ತೆಗೆದೆ. ಸಭಾಪಾಲಕರು ನಕಲಿಗೆ ಸಹಿ ಮಾಡಿ ಆಳಿನ ಕೈಯಲ್ಲಿ ನಮ್ಮ ಮನೆಗೇ ಕಳಿಸಿದರು.

ತಂಗಿ ಅದನ್ನು ಹೊಸ್ತಿಲಲ್ಲಿ ನಿಂತು ಓದಿದಳು. ಎರಡು ಸಲ ಓದಿದಳು. ನಂತರ ನನ್ನ ಕಡೆ ತಿರುಗಿ, "ಅಕ್ಷರ ಅಗದಿ ಚಂದ ಬಂದಾವಣ್ಣಾ," ಎಂದಳು.

ಅದಾದ ಮೇಲೆ ಎಷ್ಟೋ ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ.

ಲಗ್ನ ಧಾರವಾಡದ ನೋಂದಣಿ ಕಚೇರಿಯಲ್ಲಿ ಆಯಿತು. ಸಾಕ್ಷಿಗಳು ಬೇಕಾಗಿದ್ದರು. ಹುಡುಗ ನಮ್ಮ ಹೆಡ್ ಮಾಸ್ತರರನ್ನು ಕೇಳಿದ್ದ. ಅವರು ಒಂದು ದಿನದ ರಜೆ ಹಾಕಿ, ಇಸ್ತ್ರಿ ಮಾಡಿದ ಧೋತರ ಉಟ್ಟು ಬೆಳಗಿನ ಬಸ್ಸಿಗೆ ಹೊರಟರು. ಅವ್ವ ಯಾರನ್ನೂ ಕೇಳದೆ ಅದೇ ಬಸ್ಸು ಹತ್ತಿದಳು. ಹೋಗುವ ಮುನ್ನ ಹೆಡ್ ಮಾಸ್ತರರು ನನ್ನನ್ನು ಕರೆದು, "ನೀ ಬರೂದಿಲ್ಲೇನೋ?" ಎಂದರು.

"ಇಬ್ಬರೂ ಹೋದರ ಸಾಲಿ ಯಾರು ನೋಡಬೇಕ್ರಿ ಸರ್?"

"ಖರೆ. ಸಾಲಿ ನೋಡಕೋ ನೀ," ಎಂದರು. ಅಂದು ಅವರ ಐದನೆಯ ಇಯತ್ತೆಗೆ ನಾನು ಭೂಗೋಳ ಕಲಿಸಿದೆ. ವಿಭೂತಿ ಹಚ್ಚಿದ ಮನುಷ್ಯ ಧಾರವಾಡದಲ್ಲಿ ನನ್ನ ತಂಗಿಯ ಪಕ್ಕದಲ್ಲಿ ನಿಂತು ಸಹಿ ಹಾಕುತ್ತಿದ್ದ ಹೊತ್ತಿನಲ್ಲಿ, ನಾನು ಕಪ್ಪು ಹಲಗೆಯ ಮೇಲೆ ಮಲಪ್ರಭಾ ನದಿಯ ಹರಿವು ಬರೆಯುತ್ತಿದ್ದೆ. ಅಪ್ಪ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬೈಬಲ್ಲು ಓದುತ್ತಿದ್ದರು. ಅದರಲ್ಲಿ ಏನು ಓದಿದರೋ ದೇವರೇ ಬಲ್ಲ.

ಮರುವರ್ಷದ ಜನವರಿಯಲ್ಲಿಯೂ ಐಕ್ಯದ ಪ್ರಾರ್ಥನೆ ನಡೆಯಿತು! ಇಬ್ಬರು ಗುರುಗಳೂ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತು ಪೋಪರನ್ನೂ ಪ್ರೀತಿಯನ್ನೂ ಹೊಗಳಿದರು. ಇಡೀ ಊರಿನಲ್ಲಿ ನಿಜವಾಗಿ ಒಂದಾದ ಇಬ್ಬರೇ ಇಬ್ಬರು ಜಿನ್ನಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದರು. ಅವರನ್ನು ಯಾರೂ ಕರೆಯಲಿಲ್ಲ.

೧೯೭೮ರ ಮಳೆಗಾಲದಲ್ಲಿ ತಂಗಿ ಗಂಡುಮಗು ಹೆತ್ತಳು. ಅದೇ ಆಗಸ್ಟಿನಲ್ಲಿ ಪಾದಕ್ಕೆ ಮುತ್ತಿಟ್ಟಿದ್ದ ಪೋಪರು ತೀರಿಕೊಂಡರು. ನಮ್ಮ ಶಾಲೆಯಲ್ಲಿ ಸಂತಾಪ ಸಭೆ. ಬದುಕಿದ್ದಾಗ ಪೋಪ್ ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಸಭಾಪಾಲಕರು, ಸತ್ತ ಮೇಲೆ ಅವರನ್ನು ಅರ್ಧ ತಾಸು ಕೊಂಡಾಡಿದರು. ಫಾದರ್ ಕಣ್ಣೊರೆಸಿಕೊಂಡರು. ಅವರ ಜಾಗಕ್ಕೆ ಬಂದ ಪೋಪರೂ ಒಂದು ತಿಂಗಳಲ್ಲಿ ಹೋದಾಗ ಇನ್ನೊಂದು ಸಂತಾಪ ಸಭೆಯಾಯಿತು, ಬಹುಮಟ್ಟಿಗೆ ಅದೇ ಭಾಷಣಗಳಿಂದ. ಆ ಎರಡನೆಯ ಸಭೆ ಮುಗಿದ ಮೇಲೆ, ಜಿನ್ನಿನ ಫಿಟರನ ಮಗುವಿಗೆ ಇನ್ನೂ ದೀಕ್ಷಾಸ್ನಾನವಾಗಿಲ್ಲ ಎಂಬ ಸಂಗತಿ ಇಬ್ಬರು ಗುರುಗಳಿಗೂ ಒಟ್ಟಿಗೇ ನೆನಪಾಯಿತು. ಲಗ್ನಕ್ಕೆ ಬೇಡವಾಗಿದ್ದ ಮನೆ ಈಗ ಬೇಕಾಯಿತು. ಒಂದು ತಲೆ ಲೆಕ್ಕಕ್ಕೆ ಸಿಗುವಂತಿತ್ತಲ್ಲ!

ಅಂದೇ ಮಧ್ಯಾಹ್ನ ಫಾದರ್ ಅಲ್ಲಿಗೆ ಹೊರಟರು. ಅವರ ಮೋಟಾರು ಸೈಕಲ್ಲು ಜಿನ್ನಿನ ಕಡೆ ತಿರುಗಿದ್ದನ್ನು ಕಂಡ ಸಭಾಪಾಲಕರು, "ನಡಿ, ನಡಿ" ಎಂದು ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ಹಿಂದೆಯೇ ಧಾವಿಸಿದರು. ಲಗ್ನವಾದ ಮೇಲೆ ನಾನು ಆ ಮನೆಗೆ ಹೋದದ್ದು ಅದೇ ಮೊದಲು. ಅವ್ವ ಬಾಣಂತನಕ್ಕೆಂದು ಅಲ್ಲಿಯೇ ಇದ್ದಳು. ಅಪ್ಪ ಒಳಗೆ ಬರಲಿಲ್ಲ, ಅಂಗಳದ ಬೇವಿನ ಮರದ ಬುಡದಲ್ಲಿ ನಿಂತರು.

ತಂಗಿ ಮಗುವನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಇಬ್ಬರೂ ತಮ್ಮ ತಮ್ಮ ಮಾತು ಆಡಿದರು. ಫಾದರ್ ಮೆತ್ತಗೆ, ಸಭಾಪಾಲಕರು ಗಡಸಾಗಿ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫಾದರನ್ನು ಕೇಳಿದಳು.

"ಫಾದರ್, ಈ ಕೂಸಿಗೆ ಇವರು ನೀರು ಹಾಕಿದರ ನಿಮ್ಮ ರೋಮಿನವರು ಒಪ್ಪತಾರೇನ್ರಿ?"

"ಒಪ್ಪುತ್ತಾರೆ. ನೀರಿನಿಂದ, ಪಿತ, ಸುತ, ಪವಿತ್ರಾತ್ಮರೆಂಬ ತ್ರಯೇಕ ದೇವರ ಹೆಸರಿನಲ್ಲಿ ಕೊಟ್ಟ ದೀಕ್ಷಾಸ್ನಾನ ಯಾವ ಸಭೆಯದಾದರೂ ಒಂದೇ."

"ನೀವೇನಂತೀರಿ?" ಎಂದು ಸಭಾಪಾಲಕರ ಕಡೆ ತಿರುಗಿದಳು. "ಅವರು ಹಾಕಿದರ?"

"ನಾವೂ ಒಪ್ಪತೀವಿ. ಎರಡನೆ ಸಲ ಹಾಕೂದಿಲ್ಲ."

"ಮತ್ತ ಯಾರು ಹಾಕಿದರೂ ಆತು ಅಂದಂಗಾತು. ಗುರುಗಳು ಇಲ್ಲದ ಹೊತ್ತಿನ್ಯಾಗ ಕೂಸು ಸಾಯೂವಂಗಾದರ ಸೂಲಗಿತ್ತಿ ಹಾಕಿದರೂ ನಡೀತೈತಿ ಅಂತ ನೀವ ಒಮ್ಮೆ ಹೇಳಿದ್ದಿರಂತಲ್ಲ ಫಾದರ್? ನಮ್ಮನಿಯವರು ಹೇಳ್ಯಾರ."

"ಅದು ತೀರಾ ತುರ್ತಿನ ಸಂದರ್ಭಕ್ಕೆ, ಅಮ್ಮ."

"ಅವ್ವಾ, ಒಂದು ತಂಬಗಿ ನೀರು ಕೊಡ," ಎಂದಳು ತಂಗಿ.

ಅವ್ವ ಒಳಗಿನಿಂದ ತಂದಳು. ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ತಂಬಿಗೆ. ಮಗುವಿನ ಅಪ್ಪ ಅದರ ಕುಂಚಿಗೆಯನ್ನು ಹಿಂದೆ ಸರಿಸಿ ತಲೆ ಹಿಡಿದ. ತಂಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡಳು. "ಅಪ್ಪನ ಹೆಸರಿಲೆ, ಮಗನ ಹೆಸರಿಲೆ, ಪವಿತ್ರಾತ್ಮನ ಹೆಸರಿಲೆ ನಿನಗ ಸ್ನಾನ ಮಾಡಸತೀನಿ," ಎಂದು ಮೂರು ಸಲ ಹಾಕಿದಳು. ಮಗು ಕಿಟಾರನೆ ಕಿರುಚಿತು. ಇಬ್ಬರು ಗುರುಗಳ ಬಾಯಿಯೂ ತೆರೆದೇ ಇತ್ತು.

"ಈಗ ಹೇಳ್ರಿ," ಎಂದಳು. "ಆತೋ, ಇಲ್ಲೋ?"

ಫಾದರ್ ಬೆವರು ಒರೆಸಿಕೊಂಡರು. "ಆಯಿತು. ಆದರೆ ಹೀಗೆ ಮಾಡಬಾರದಿತ್ತು. ಇದು ತಪ್ಪು."

"ಆತಲ್ಲ, ಅಷ್ಟ ಸಾಕು. ತಪ್ಪು ನನ್ನ ಮ್ಯಾಲಿರಲಿ."

ಸಭಾಪಾಲಕರು ತಿರುಗಿ ಗೇಟಿನ ಕಡೆ ನಡೆದರು. ಅಪ್ಪನೂ ಅವರ ಹಿಂದೆ ಹೋಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅಪ್ಪ ಬೇವಿನ ಬುಡ ಬಿಟ್ಟು ಕಟ್ಟೆಯ ಹತ್ತಿರ ಬಂದರು. ಹೆಗಲ ಮೇಲಿನ ವಲ್ಲಿ ತೆಗೆದು ಮಗುವಿನ ತಲೆ ಒರೆಸಿದರು. "ಥಂಡಿ ಆದೀತು ಬೇ. ಒಳಗ ಒಯ್ಯಿ," ಎಂದರು. ಮಗಳೊಡನೆ ಎರಡು ವರ್ಷದ ನಂತರ ಆಡಿದ ಮಾತು ಅಷ್ಟೇ. ಅವರೂ ಒಳಗೆ ಹೋದರು.

ನಾನು ಒಂದೇ ವಾರದಲ್ಲಿ ಕಾರ್ಯದರ್ಶಿ ಕೆಲಸ ಬಿಟ್ಟೆ. ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ, ಕೆಲಸ ಕೆಟ್ಟ ಮೇಲೆ ಬಿಟ್ಟದ್ದು. ಬಿಡುವ ಮುನ್ನ ಸಭೆಯ ದಾಖಲೆ ಪುಸ್ತಕ ತೆರೆದು ನೋಡಿದೆ. ಮಗುವಿನ ಹೆಸರನ್ನು ಸಭಾಪಾಲಕರು ತಾವೇ ಬರೆದುಕೊಂಡಿದ್ದರು, ದೀಕ್ಷಾಸ್ನಾನ ಕೊಟ್ಟವರು ಎಂಬಲ್ಲಿ ಜಾಗ ಖಾಲಿ ಬಿಟ್ಟು. ತಾಯಿಯ ಹೆಸರು ತೆಗೆದುಹಾಕಿದ ಪುಸ್ತಕದಲ್ಲಿಯೇ ಮಗನ ಹೆಸರು! ಫಾದರ್ ಕೂಡ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆಂದು ಆಮೇಲೆ ತಂಗಿಯ ಗಂಡನಿಂದ ತಿಳಿಯಿತು. ಹೀಗಾಗಿ ನಮ್ಮೂರಿನ ಹದಿನೆಂಟು ಮನೆಗಳಲ್ಲಿ ಎರಡೂ ಕಡೆಯ ಲೆಕ್ಕಕ್ಕೆ ಸೇರಿದವನು ಅವನೊಬ್ಬನೇ.

ಮಾರನೆಯ ವರ್ಷ ಫಾದರಿಗೆ ವರ್ಗವಾಯಿತು. ಹೊಸಬರಿಗೆ ಮೋಟಾರು ಸೈಕಲ್ಲು ಇರಲಿಲ್ಲ, ಐಕ್ಯದ ಉತ್ಸಾಹವೂ ಇರಲಿಲ್ಲ. ಪ್ರಾರ್ಥನಾ ವಾರ ನಿಂತುಹೋಯಿತು. ನಿಲ್ಲಿಸಿರಿ ಎಂದು ಯಾರಿಂದಲೂ ಪತ್ರ ಬಂದಿರಲಿಲ್ಲ. ತಂಗಿಯ ಗಂಡನಿಗೆ ಹುಬ್ಬಳ್ಳಿಯಲ್ಲಿ ಒಳ್ಳೆಯ ಕೆಲಸ ಸಿಕ್ಕು ಅವರು ಊರು ಬಿಟ್ಟರು. ಅಪ್ಪ ಅವ್ವ ತಿಂಗಳಿಗೊಮ್ಮೆ ಹೋಗಿ ಮೊಮ್ಮಗನನ್ನು ನೋಡಿ ಬರುತ್ತಿದ್ದರು. ಅಪ್ಪ ಅಲ್ಲಿದ್ದ ಭಾನುವಾರಗಳಲ್ಲಿ ಅಳಿಯನ ಜೊತೆ ಕ್ಯಾಥೊಲಿಕರ ಚರ್ಚಿನ ಬಾಗಿಲವರೆಗೆ ನಡೆದುಹೋಗಿ, ಹೊರಗೆ ಚಪ್ಪಲಿಗಳ ಬಳಿ ನಿಂತು ಪ್ರಾರ್ಥನೆ ಮುಗಿಯುವ ತನಕ ಕಾಯುತ್ತಿದ್ದರಂತೆ. ಒಳಗೆ ಹೋಗಲಿಲ್ಲ. ಮನೆಗೆ ಮರಳಲೂ ಇಲ್ಲ. ನಾನು ಯಾಕೆಂದು ಕೇಳಿದ್ದಕ್ಕೆ, "ಒಳಗ ಸೆಕಿ ಭಾಳಲೇ," ಎಂದರು.